ಇಪ್ಪತ್ತೊಂಬತ್ತು ನಿಮಿಷ ರಕ್ತದ ಮಳೆ, ಆಮೇಲೆ ಆಕಾಶವಾಣಿ

ನಮ್ಮ ಅಕ್ಕನ ಹತ್ತಿರ 60 ನಿಮಿಷದ ಒಂದು ಕ್ಯಾಸೆಟ್ ಇತ್ತು. ಅದರ ತುಂಬಾ ಮಂಗಳೂರು ಆಕಾಶವಾಣಿಯಿಂದ ಅವಳು ಹಿಡಿದಿಟ್ಟ ಭಾವಗೀತೆಗಳು. ರೇಡಿಯೋ ಮತ್ತು ಟೇಪ್ ರೆಕಾರ್ಡರ್ ಎರಡೂ ಒಂದೇ ಡಬ್ಬಿಯಲ್ಲಿದ್ದ ಕಾಲ ಅದು. ಕಾರ್ಯಕ್ರಮ ಶುರುವಾಗುವ ಹೊತ್ತಿಗೆ ಅಕ್ಕ ಎರಡು ಗುಂಡಿ ಒಟ್ಟಿಗೆ ಒತ್ತಿ ಪಕ್ಕದಲ್ಲೇ ಕೂರುತ್ತಿದ್ದಳು. ಆ ಅರ್ಧ ಗಂಟೆ ಮನೆಯಲ್ಲಿ ಯಾರೂ ಲೈಟಿನ ಸ್ವಿಚ್ ಮುಟ್ಟುವ ಹಾಗಿಲ್ಲ. ಮುಟ್ಟಿದರೆ ಹಾಡಿನ ನಡುವೆ 'ಟಪ್' ಅಂತ ಬೀಳುತ್ತದೆ. ಎರಡೂ ಬದಿ ತುಂಬಿದ ಮೇಲೆ ಕ್ಯಾಸೆಟ್ಟಿನ ತಲೆಯಲ್ಲಿರುವ ಪ್ಲಾಸ್ಟಿಕ್ ಚೂರುಗಳನ್ನು ಮುರಿದು ಹಾಕಿದ್ದಳು. ಹಾಗೆ ಮುರಿದರೆ ಅದರ ಮೇಲೆ ಬೇರೇನೂ ರೆಕಾರ್ಡ್ ಆಗುವುದಿಲ್ಲ.

ಆ ತೂತಿನ ಮೇಲೆ ಒಂದು ತುಂಡು ಸೆಲ್ಲೋಟೇಪ್ ಅಂಟಿಸಿದರೆ ಆಗುತ್ತದೆ. ಇದು ಹಾಸ್ಟೆಲ್ ಹುಡುಗರಿಗೆಲ್ಲ ಗೊತ್ತಿದ್ದ ಗುಟ್ಟು.

1997ರಲ್ಲಿ ನಾನು ಮಂಗಳೂರಿನಲ್ಲಿ ಓದುತ್ತಿದ್ದೆ. ರೂಮಿನ ಗೆಳೆಯನಿಗೆ ಬೆಂಗಳೂರಿನಲ್ಲಿದ್ದ ಅವನ ಅಣ್ಣನ ಕಡೆಯಿಂದ ಕ್ಯಾಸೆಟ್‌ಗಳು ಬರುತ್ತಿದ್ದವು. ಕಾಪಿಯ ಕಾಪಿಯ ಕಾಪಿ. ಕವರ್ ಇಲ್ಲ, ಹಾಡುಗಳ ಪಟ್ಟಿ ಇಲ್ಲ. ಬಾಲ್ ಪೆನ್ನಿನಲ್ಲಿ ಬ್ಯಾಂಡಿನ ಹೆಸರು, ಆಲ್ಬಮ್ಮಿನ ಹೆಸರು, ಅಷ್ಟೇ. ಅದರಲ್ಲೊಂದು ಸ್ಲೇಯರ್ ಎಂಬ ಅಮೆರಿಕದ ಥ್ರ್ಯಾಶ್ ಮೆಟಲ್ ಬ್ಯಾಂಡಿನ ಆಲ್ಬಮ್, 'ರೇನ್ ಇನ್ ಬ್ಲಡ್'. ಅವನ ಅಣ್ಣ ಬರೆದದ್ದು ಮಳೆಯ 'ರೇನ್'. ನಿಜವಾದ ಹೆಸರಿನಲ್ಲಿರುವುದು ಆಳ್ವಿಕೆಯ 'ರೇನ್'. ಕನ್ನಡದಲ್ಲಿ ಬರೆದರೆ ಎರಡೂ ಒಂದೇ ಆಗುವುದರಿಂದ ನನ್ನ ತಲೆಯಲ್ಲಿ ಇವತ್ತಿಗೂ ಅದು ಮಳೆಯೇ.

ರಜೆಗೆ ಊರಿಗೆ ಹೋಗುವ ಮುಂಚೆ ಕಾಪಿ ಮಾಡಿಕೊಳ್ಳಬೇಕಿತ್ತು. ಖಾಲಿ ಕ್ಯಾಸೆಟ್ಟಿಗೆ ದುಡ್ಡಿರಲಿಲ್ಲ. ಹೋದ ಸಲ ಮನೆಯಿಂದ ಬರುವಾಗ ತಂದಿದ್ದ ಅಕ್ಕನ ಕ್ಯಾಸೆಟ್ ಚೀಲದಲ್ಲೇ ಇತ್ತು. ಸೆಲ್ಲೋಟೇಪ್ ಅಂಟಿಸಿದೆ.

60 ನಿಮಿಷದ ಕ್ಯಾಸೆಟ್ ಅಂದರೆ ಒಂದು ಬದಿಗೆ 30 ನಿಮಿಷ. ಈ ಆಲ್ಬಮ್ ಮುಗಿಯುವುದು 29 ನಿಮಿಷಕ್ಕೆ, ಅದಕ್ಕಿಂತ ಎರಡು ಮೂರು ಸೆಕೆಂಡ್ ಮೊದಲೇ. ಹತ್ತೂ ಹಾಡು ಒಂದೇ ಬದಿಯಲ್ಲಿ ಕೂತವು, ಇನ್ನೂ ಒಂದು ನಿಮಿಷ ಉಳಿಯಿತು. ಕೊನೆಯ ಹಾಡು ಸುರಿಯುವ ಮಳೆಯ ಸದ್ದಿನಲ್ಲಿ ಮುಗಿಯುತ್ತದೆ. ಆ ಮಳೆ ನಿಧಾನ ನಿಲ್ಲುತ್ತದೆ. ಒಂದು ಕ್ಷಣ ಏನೂ ಇಲ್ಲ. ಆಮೇಲೆ, ಅಳಿಸದೆ ಉಳಿದ ಆ ಒಂದು ನಿಮಿಷದಲ್ಲಿ, ಯಾವುದೋ ಭಾವಗೀತೆಯ ಕೊನೆಯ ಸಾಲು, ಹಿಂದೆಯೇ ತಂಬೂರಿಯ ಹಾಗೆ ಶಾಂತವಾದ ಒಂದು ಹೆಣ್ಣು ದನಿ: ಇಲ್ಲಿಗೆ ಭಾವಗೀತೆಗಳ ಕಾರ್ಯಕ್ರಮ ಮುಗಿಯಿತು.

ಅದೇ ರಜೆಯಲ್ಲಿ ಅಕ್ಕ ಕ್ಯಾಸೆಟ್ ಹಾಕಿದಳು. ಮೊದಲ ಹಾಡಿನ ಆರಂಭದಲ್ಲೇ ಒಂದು ಕಿರುಚಾಟ ಇದೆ. ಅವಳು ಅಡುಗೆ ಮನೆಗೆ ಕೇಳುವ ಹಾಗೆ ಕೂಗಿದಳು, "ಎಂಥದ್ದು ಮಾರಾಯ ಇದು? ಮಿಕ್ಸಿಗೆ ಕಲ್ಲು ಹಾಕಿದ ಹಾಗೆ ಉಂಟು!"

ಹೋಲಿಕೆ ತಪ್ಪೇನೂ ಇರಲಿಲ್ಲ. ಆದರೆ ಮಿಕ್ಸಿಗೆ ಯಾವ ಕಲ್ಲು ಹಾಕಬೇಕು, ಎಷ್ಟು ಹೊತ್ತು ತಿರುಗಿಸಬೇಕು, ಯಾವಾಗ ನಿಲ್ಲಿಸಬೇಕು ಎಂದು ಇಷ್ಟು ಚೆನ್ನಾಗಿ ಗೊತ್ತಿದ್ದವರು ಇನ್ನೊಬ್ಬರಿಲ್ಲ ಅಂತ ಅವಳಿಗೆ ಹೇಳಲು ನನಗಾಗ ಬರುತ್ತಿರಲಿಲ್ಲ. ಈಗ ಪ್ರಯತ್ನ ಪಡುತ್ತೇನೆ.

ಥ್ರ್ಯಾಶ್ ಮೆಟಲ್ ಅಂದರೆ ಏನು ಅಂತ ಕೇಳುವವರಿಗೆ ಎರಡು ಮಾತು. 1980ರ ಆಸುಪಾಸಿನಲ್ಲಿ ಬ್ರಿಟನ್ನಿನಲ್ಲಿ ಹೊಸ ಹೆವಿ ಮೆಟಲ್ (ಗಿಟಾರಿನ ಭಾರಿ ಸದ್ದಿನ ರಾಕ್ ಸಂಗೀತ) ಬ್ಯಾಂಡುಗಳ ಒಂದು ಅಲೆ ಎದ್ದಿತು. ಅಮೆರಿಕದಲ್ಲಿ ಅದೇ ಹೊತ್ತಿಗೆ ಹಾರ್ಡ್‌ಕೋರ್ ಪಂಕ್ ಇತ್ತು: ಒಂದು ನಿಮಿಷದ ಹಾಡು, ಸಿಟ್ಟು, ಅವಸರ. ಕ್ಯಾಲಿಫೋರ್ನಿಯಾದ ಹುಡುಗರು ಇವೆರಡನ್ನೂ ಬೆರೆಸಿದರು. ಬ್ರಿಟನ್ನಿನ ಗಿಟಾರ್ ಕಸುಬು, ಪಂಕ್‌ನ ವೇಗ. ಬಲಗೈಯ ಅಂಚನ್ನು ತಂತಿಯ ಮೇಲೆ ಒತ್ತಿ ಹಿಡಿದು ಮೀಟಿದರೆ ಗಿಟಾರಿನ ನಾದ ಸಾಯುತ್ತದೆ, ಪೆಟ್ಟು ಮಾತ್ರ ಉಳಿಯುತ್ತದೆ. ಥ್ರ್ಯಾಶ್ ನಿಂತಿರುವುದು ಈ ಪೆಟ್ಟಿನ ಮೇಲೆ. ಗಿಟಾರನ್ನೇ ಒಂದು ಚರ್ಮವಾದ್ಯ ಮಾಡಿಕೊಂಡ ಸಂಗೀತ ಎನ್ನಬಹುದು. 1983ರಲ್ಲಿ ಮೆಟಾಲಿಕಾದ ಮೊದಲ ಆಲ್ಬಮ್ ಬಂತು. ಅದೇ ವರ್ಷದ ಕೊನೆಗೆ ಸ್ಲೇಯರ್‌ನ ಮೊದಲ ಆಲ್ಬಮ್ 'ಶೋ ನೋ ಮರ್ಸಿ'. ಮೆಗಾಡೆತ್, ನ್ಯೂಯಾರ್ಕಿನ ಆಂತ್ರಾಕ್ಸ್ ಸೇರಿಸಿಕೊಂಡು ಈ ನಾಲ್ವರನ್ನು 'ಬಿಗ್ ಫೋರ್' ಅಂತ ಕರೆಯುವುದು ವಾಡಿಕೆ. ಜರ್ಮನಿಯಲ್ಲಿ ಕ್ರಿಯೇಟರ್, ಸೋಡಮ್, ಡಿಸ್ಟ್ರಕ್ಷನ್ ಬೇರೆಯೇ ಒಂದು ಪಂಗಡ.

ಸ್ಲೇಯರ್ ಹುಟ್ಟಿದ್ದು 1981ರಲ್ಲಿ, ಲಾಸ್ ಏಂಜಲೀಸ್ ಪಕ್ಕದ ಹಂಟಿಂಗ್ಟನ್ ಪಾರ್ಕ್‌ನಲ್ಲಿ. ಬಾಸ್ ಗಿಟಾರ್ ನುಡಿಸುತ್ತ ಹಾಡುವ ಟಾಮ್ ಅರಾಯಾ ಹುಟ್ಟಿದ್ದು ಚಿಲಿಯಲ್ಲಿ. ಆಗ ಡ್ರಮ್ಸ್ ಬಾರಿಸುತ್ತಿದ್ದ ಡೇವ್ ಲೊಂಬಾರ್ಡೊ ಹುಟ್ಟಿದ್ದು ಕ್ಯೂಬಾದ ಹವಾನಾದಲ್ಲಿ. ಗಿಟಾರಿಗೆ ಕೆರಿ ಕಿಂಗ್ ಮತ್ತು ಜೆಫ್ ಹ್ಯಾನೆಮನ್. ಅರಾಯಾ ಆಸ್ಪತ್ರೆಯಲ್ಲಿ ರೋಗಿಗಳ ಉಸಿರಾಟ ನೋಡಿಕೊಳ್ಳುವ ಕೆಲಸದಲ್ಲಿದ್ದ. ಆ ಸಂಬಳದ ಉಳಿತಾಯ ಮತ್ತು ಕಿಂಗ್‌ನ ಅಪ್ಪ ಕೊಟ್ಟ ಸಾಲ, ಇವೇ ಮೊದಲ ಆಲ್ಬಮ್ಮಿನ ಬಂಡವಾಳ. ಹಗಲು ಬೇರೆಯವರ ಉಸಿರು ಕಾಯುವವನು ರಾತ್ರಿ ಉಸಿರು ಬಿಡಲೂ ಜಾಗವಿಲ್ಲದ ಸಾಲುಗಳನ್ನು ಹಾಡುತ್ತಿದ್ದ.

1985ರ 'ಹೆಲ್ ಅವೇಟ್ಸ್' ಅವರ ಎರಡನೇ ಆಲ್ಬಮ್. ಒಳ್ಳೆಯದೇ. ಆದರೆ ಹಾಡುಗಳು ಉದ್ದ, ಕೆಲವು ಆರು ನಿಮಿಷ ದಾಟುತ್ತವೆ. ಮೇಲಿಂದ ಎಲ್ಲದಕ್ಕೂ ರಿವರ್ಬ್. ಅಂದರೆ ಖಾಲಿ ಛತ್ರದಲ್ಲಿ ಮಾತಾಡಿದ ಹಾಗೆ ಪ್ರತಿ ಸದ್ದಿಗೂ ಒಂದು ಬಾಲ. ಗವಿಯೊಳಗಿಂದ ಕೇಳಿಸಿದಂತೆ ಇರಲಿ ಎನ್ನುವುದು ಆಗಿನ ರೂಢಿ. ನರಕ ಅಂದಮೇಲೆ ಪ್ರತಿಧ್ವನಿ ಬೇಡವೇ?

ಆಗ ಬಂದವನು ರಿಕ್ ರೂಬಿನ್. ಈತ ಮೆಟಲ್ ಜಗತ್ತಿನವನೇ ಅಲ್ಲ. ಕಾಲೇಜು ಹಾಸ್ಟೆಲಿನ ಕೋಣೆಯಲ್ಲಿ 'ಡೆಫ್ ಜ್ಯಾಮ್' ಎಂಬ ರೆಕಾರ್ಡ್ ಕಂಪನಿ ಶುರು ಮಾಡಿದ ನ್ಯೂಯಾರ್ಕಿನ ಹುಡುಗ. ಅವನ ಕಸುಬು ಹಿಪ್ ಹಾಪ್, ಅಂದರೆ ತಾಳದ ಮೇಲೆ ಮಾತು ಓಡಿಸುವ ರ‍್ಯಾಪ್ ಸಂಗೀತ. 1986ರಲ್ಲೇ ಅವನ ಕೈಯಿಂದ ರನ್ ಡಿಎಂಸಿ, ಬೀಸ್ಟೀ ಬಾಯ್ಸ್ ಎಂಬ ರ‍್ಯಾಪ್ ತಂಡಗಳ ಆಲ್ಬಮ್‌ಗಳೂ ಹೊರಬಂದವು. ಬೀಸ್ಟೀ ಬಾಯ್ಸ್‌ನ ಒಂದು ಹಾಡಿಗೆ ಗಿಟಾರ್ ಸೋಲೋ (ಹಾಡಿನ ನಡುವೆ ಒಂದೇ ಗಿಟಾರ್ ಮುಂದೆ ಬಂದು ನುಡಿಯುವ ಭಾಗ) ನುಡಿಸಿಕೊಟ್ಟಿದ್ದು ಸ್ಲೇಯರ್‌ನ ಕೆರಿ ಕಿಂಗ್. ಅಕ್ಕಪಕ್ಕದ ಮನೆಗೆ ಸಕ್ಕರೆ ಕಡ ಕೊಟ್ಟ ಹಾಗೆ.

ಹಿಪ್ ಹಾಪ್ ಕಿವಿಯ ರೂಬಿನ್, ಎಂಜಿನಿಯರ್ ಆ್ಯಂಡಿ ವಾಲೇಸ್ ಜೊತೆ ಕೂತು, ಮೊದಲು ರಿವರ್ಬ್ ಕಿತ್ತು ಹಾಕಿದ. ಲೆಕ್ಕ ಸರಳ. ನಿಧಾನದ ಹಾಡಿನಲ್ಲಿ ಒಂದು ಪೆಟ್ಟಿನ ಬಾಲ ಮುಗಿಯುವವರೆಗೆ ಇನ್ನೊಂದು ಪೆಟ್ಟು ಬರುವುದಿಲ್ಲ. ನಿಮಿಷಕ್ಕೆ ಇನ್ನೂರರ ಮೇಲೆ ಓಡುವ ತಾಳದಲ್ಲಿ ಬಾಲದ ಮೇಲೆ ತಲೆ, ತಲೆಯ ಮೇಲೆ ಬಾಲ ಬಿದ್ದು ಎಲ್ಲ ಕಲಸು ಮೇಲೋಗರ. ಬಾಲ ಕತ್ತರಿಸಿದಾಗ ಪ್ರತಿ ಪೆಟ್ಟೂ ಬೇರೆ ಬೇರೆಯಾಗಿ ಕೇಳಿಸತೊಡಗಿತು. ಲೊಂಬಾರ್ಡೊನ ಕಾಲುಗಳು ಏನು ಮಾಡುತ್ತಿವೆ ಅಂತ ಗೊತ್ತಾಗತೊಡಗಿತು. ಚಂಡೆಯ ಹತ್ತಿರ ಕೂತು ಕೇಳಿದವರಿಗೆ ಇದು ಅರ್ಥವಾಗುತ್ತದೆ. ಮೈಲಿ ದೂರದಿಂದ ಕೇಳುವ ಚಂಡೆ ಇಂಪಾಗಿರುತ್ತದೆ. ರಂಗಸ್ಥಳದ ಪಕ್ಕದಲ್ಲಿ ಕೂತರೆ ಅದು ನೇರ ಎದೆಗೂಡಿಗೇ ಬಡಿಯುತ್ತದೆ. ರೂಬಿನ್ ಕೇಳುಗನನ್ನು ಗದ್ದೆಯ ಆಚೆಯಿಂದ ಎಳೆದು ತಂದು ಚಂಡೆಯ ಮುಂದೆ ಕೂರಿಸಿದ. ನರಕ ದೂರದಲ್ಲಿದ್ದಾಗ ಪ್ರತಿಧ್ವನಿ ಸರಿ. ಕಿವಿಯ ಪಕ್ಕ ಬಂದ ಮೇಲೆ ಅದು ಬೇಕಾಗುವುದಿಲ್ಲ.

ಆಮೇಲೆ ಹೋಗಿದ್ದು ಪುನರಾವರ್ತನೆ. ಒಂದು ರಿಫ್, ಅಂದರೆ ಗಿಟಾರಿನ ಒಂದು ಸಣ್ಣ ವರಸೆ, ನಾಲ್ಕು ಸಲ, ಎಂಟು ಸಲ ತಿರುಗುವುದು ಕಿಂಗ್ ಮತ್ತು ಹ್ಯಾನೆಮನ್‌ಗೆ ಬೇಸರ ತರಿಸುತ್ತಿತ್ತು. ಹ್ಯಾನೆಮನ್‌ಗೆ ಪಂಕ್ ಹುಚ್ಚು ಬೇರೆ. ಪಲ್ಲವಿ ಎರಡು ಮೂರು ಸಲ ಬಂದರೆ ನಮಗೇ ಸಾಕಾಗುತ್ತದೆ ಎಂಬ ಧಾಟಿಯಲ್ಲಿ ಅವರು ಆಮೇಲೆ ಹೇಳಿಕೊಂಡಿದ್ದಾರೆ. ಹಾಗಾಗಿ ಹೇಳಿದ್ದನ್ನೇ ಹೇಳಲಿಲ್ಲ. ಮೂರನೇ ಹಾಡು 'ನೆಕ್ರೋಫೋಬಿಕ್' ಮುಗಿಯಲು 1 ನಿಮಿಷ 40 ಸೆಕೆಂಡ್ ಸಾಕು. ಅಷ್ಟರಲ್ಲಿ ಇಡ್ಲಿ ಹಿಟ್ಟನ್ನು ತಟ್ಟೆಗೆ ಹಾಕಿಯೂ ಮುಗಿಯುವುದಿಲ್ಲ.

ಎಲ್ಲ ಸೇರಿ ಎಷ್ಟು ಹೊತ್ತು ಬಂತು ಅಂತ ಕೆಲಸ ಮುಗಿದ ಮೇಲೆ ನೋಡಿದರೆ ಅರ್ಧ ಗಂಟೆಯೂ ಇಲ್ಲ. ಬ್ಯಾಂಡಿನವರಿಗೇ ಗಾಬರಿ. ಇಷ್ಟು ಸಾಕಾ ಅಂತ ರೂಬಿನ್‌ನನ್ನು ಕೇಳಿದರು. ಹತ್ತು ಹಾಡಿದೆ, ಚರಣ ಇದೆ, ಪಲ್ಲವಿ ಇದೆ, ಸೋಲೋ ಇದೆ, ಆಲ್ಬಮ್ ಅಂದರೆ ಇದೇ ತಾನೇ ಎಂಬರ್ಥದ ಉತ್ತರ ಕೊಟ್ಟ. ಅಧಿಕೃತ ಕ್ಯಾಸೆಟ್ಟಿನಲ್ಲಿ ಪೂರ್ತಿ ಆಲ್ಬಮ್ಮನ್ನು ಎರಡೂ ಬದಿಯಲ್ಲಿ ಹಾಕಿದ್ದರಂತೆ. ಒಂದು ಬದಿ ಮುಗಿದರೆ ತಿರುಗಿಸಿ ಹಾಕು, ಮತ್ತೆ ಮೊದಲಿನಿಂದ ಕೇಳು. ಇದು ಗೊತ್ತಾದ ದಿನ ನನಗೆ ನಗು ಬಂತು. ನಮ್ಮದರಲ್ಲಿ ತಿರುಗಿಸಿ ಹಾಕಿದರೆ ಬರುತ್ತಿದ್ದದ್ದು ಅಕ್ಕನ ಉಳಿದರ್ಧ ಭಾವಗೀತೆಗಳು. ನಾನು ಎಷ್ಟೋ ಸಲ ತಿರುಗಿಸಿದ್ದೂ ಉಂಟು. ಆ ಅರ್ಧ ಗಂಟೆಯ ಬಡಿತದ ನಂತರ ಬರುವ ಹಾರ್ಮೋನಿಯಂ ಎಷ್ಟು ತಂಪಾಗಿ ಕೇಳುತ್ತದೆ ಅಂತ ಅನುಭವಿಸಿದವರಿಗೇ ಗೊತ್ತು.

ಈಗ ಕಾಲದ ಲೆಕ್ಕ ನೋಡಿ. 1986ರ ಮಾರ್ಚ್‌ನಲ್ಲಿ ಮೆಟಾಲಿಕಾದ 'ಮಾಸ್ಟರ್ ಆಫ್ ಪಪೆಟ್ಸ್' ಬಂತು. ಸೆಪ್ಟೆಂಬರಿನಲ್ಲಿ ಮೆಗಾಡೆತ್‌ನ 'ಪೀಸ್ ಸೆಲ್ಸ್'. ಅದೇ ತಿಂಗಳ 27ರಂದು ಸ್ವೀಡನ್ನಿನಲ್ಲಿ ಬಸ್ ಮಗುಚಿ ಮೆಟಾಲಿಕಾದ ಬಾಸ್ ವಾದಕ ಕ್ಲಿಫ್ ಬರ್ಟನ್ ತೀರಿಕೊಂಡ. ಹತ್ತು ದಿನ ಕಳೆದು, ಅಕ್ಟೋಬರ್ 7ಕ್ಕೆ, 'ರೇನ್ ಇನ್ ಬ್ಲಡ್'. ಅದೇ ವರ್ಷದಲ್ಲೇ ಕ್ರಿಯೇಟರ್‌ನ 'ಪ್ಲೆಷರ್ ಟು ಕಿಲ್'. ಒಂದೇ ವರ್ಷ, ಒಂದೇ ಹೊಲ, ಇಷ್ಟು ಫಸಲು.

ಮೆಟಾಲಿಕಾದ್ದು ಎಂಟು ಹಾಡು, ಸುಮಾರು 55 ನಿಮಿಷ. ಸ್ಲೇಯರ್‌ನದ್ದು ಹತ್ತು ಹಾಡು, 29 ನಿಮಿಷ. ಯಾವುದು ದೊಡ್ಡದು ಅಂತ ಜಗಳ ಆಡುವ ವಯಸ್ಸು ನನಗೂ ಇತ್ತು. ಹಾಸ್ಟೆಲಿನ ಮೆಸ್ಸಿನಲ್ಲಿ ಸಾರು ಆರುವವರೆಗೆ ಆಡಿದ್ದೇವೆ. ಈಗ ಕೇಳಿದರೆ, ಮೆಟಾಲಿಕಾದ್ದು ತೊಟ್ಟಿ ಮನೆ. ಜಗಲಿ ಇದೆ, ಅಂಗಳ ಇದೆ, ನಡುವೆ ಕೂತು ಆಕಾಶ ನೋಡುವ ಜಾಗವೂ ಇದೆ. ಒಳಗೆ ಹೋದವರು ಅಲ್ಲೇ ಇರಬಹುದು. ಥ್ರ್ಯಾಶ್ ಎಷ್ಟು ಅಗಲವಾಗಬಲ್ಲದು ಅಂತ ತೋರಿಸಿದ್ದು ಅದು. ಸ್ಲೇಯರ್‌ನ ಆಲ್ಬಮ್ಮಿನಲ್ಲಿ ಯಾರೂ ಸಂಸಾರ ಮಾಡಲಾರರು. ಅದು ಊರಿನ ಗಡಿಕಲ್ಲು. ಈ ಕಡೆ ಥ್ರ್ಯಾಶ್, ಆ ಕಡೆ ಬೇರೆ ಏನೋ.

ಆ ಬೇರೆ ಏನೋಕ್ಕೆ ಬೇಗನೆ ಹೆಸರು ಬಂತು. ಮಾರನೇ ವರ್ಷ, 1987ರಲ್ಲಿ, ಫ್ಲೋರಿಡಾದ ಡೆತ್ ಬ್ಯಾಂಡಿನ ಮೊದಲ ಆಲ್ಬಮ್. ಹಿಂದೆಯೇ ಮಾರ್ಬಿಡ್ ಏಂಜಲ್, ಕ್ಯಾನಿಬಲ್ ಕಾರ್ಪ್ಸ್. ಡೆತ್ ಮೆಟಲ್ ಎಂಬ ಇಡೀ ಪಂಥ ಈ ಗಡಿಕಲ್ಲಿನ ಮೇಲೆ ಕಾಲಿಟ್ಟು ಆ ಕಡೆ ಹಾರಿತು. ಒಂದು ಆಲ್ಬಮ್ಮಿನಿಂದಲೇ ಎಲ್ಲ ಆಯಿತು ಅಂತ ನಾನು ಹೇಳುವುದಿಲ್ಲ. ಬೇರೆ ಬೇರುಗಳೂ ಇದ್ದವು. ಆದರೆ ಮೆಟಲ್ ಎಷ್ಟು ವೇಗವಾಗಿಯೂ ಅಷ್ಟೇ ಸ್ಪಷ್ಟವಾಗಿಯೂ ಇರಬಹುದು ಅನ್ನುವುದಕ್ಕೆ ಎಲ್ಲರೂ ತೋರಿಸುತ್ತಿದ್ದ ಅಳತೆಗೋಲು ಇದೇ.

ಸ್ಲೇಯರ್ ಮಾತ್ರ ಆ ಕಡೆ ಹೋಗಲಿಲ್ಲ. ಇದಕ್ಕಿಂತ ಜೋರು ಇನ್ನು ಸಾಧ್ಯವಿಲ್ಲ ಅಂತ ಅವರಿಗೇ ಗೊತ್ತಾಗಿತ್ತು. 1988ರ 'ಸೌತ್ ಆಫ್ ಹೆವನ್' ಆಲ್ಬಮ್ಮಿನಲ್ಲಿ ಬೇಕೆಂದೇ ನಿಧಾನಕ್ಕೆ ಇಳಿದರು. ಅಭಿಮಾನಿಗಳಲ್ಲಿ ಕೆಲವರಿಗೆ ಬೇಜಾರಾಯಿತು. ನನಗೆ ಆ ಆಲ್ಬಮ್ ಇಷ್ಟ. ಆದರೆ ಅದು ಇನ್ನೊಂದು ದಿನದ ಮಾತು.

ವೇಗದ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ನಾನು ಬ್ರೇಕಿನ ಬಗ್ಗೆ ಹೇಳಬೇಕು. ಮೊದಲ ಹಾಡು 'ಏಂಜಲ್ ಆಫ್ ಡೆತ್' ಐದು ನಿಮಿಷಕ್ಕೆ ಸ್ವಲ್ಪ ಕಡಿಮೆ, ಇಡೀ ಆಲ್ಬಮ್ಮಿನಲ್ಲೇ ಉದ್ದದ್ದು. ಕೂಗಿನಿಂದ ಶುರುವಾಗಿ ಉಸಿರುಗಟ್ಟಿ ಓಡುತ್ತದೆ. ಎರಡು ನಿಮಿಷದ ಒಳಗೆ ಒಮ್ಮೆಲೇ ತಾಳ ಅರ್ಧಕ್ಕೆ ಬೀಳುತ್ತದೆ. ಘಟ್ಟ ಇಳಿಯುವ ಬಸ್ಸು ತಿರುವಿನಲ್ಲಿ ಗೇರ್ ಇಳಿಸಿದ ಹಾಗೆ ಇಡೀ ಮೈ ಮುಂದಕ್ಕೆ ತೂಗುತ್ತದೆ. ಅಲ್ಲಿ ಬರುವ ರಿಫ್ ಇದೆಯಲ್ಲ, ಅದು ಕುಣಿಯಬಹುದಾದ ರಿಫ್. ನಿಜಕ್ಕೂ ಕುಣಿದರು. 1988ರಲ್ಲಿ, ಅದೇ ಡೆಫ್ ಜ್ಯಾಮ್ ಕಂಪನಿಯ ಪಬ್ಲಿಕ್ ಎನಿಮಿ ಎಂಬ ರ‍್ಯಾಪ್ ತಂಡ ಈ ತುಣುಕನ್ನು ಎತ್ತಿಕೊಂಡು ತಮ್ಮ 'ಶೀ ವಾಚ್ ಚಾನೆಲ್ ಝೀರೋ' ಹಾಡಿನ ಬೆನ್ನೆಲುಬು ಮಾಡಿಕೊಂಡಿತು. ಕೊನೆಯ ಹೊತ್ತಿಗೆ ಇಡೀ ಬ್ಯಾಂಡ್ ಸುಮ್ಮನಾಗುತ್ತದೆ. ಲೊಂಬಾರ್ಡೊನ ಎರಡು ಕಾಲು ಮಾತ್ರ ಬಾಸ್ ಡ್ರಮ್ಮಿನ ಮೇಲೆ ಓಡುತ್ತವೆ, ಎರಡು ಮೂರು ಸೆಕೆಂಡ್. ಆಗ ಅವನಿಗೆ 21 ವರ್ಷ. ಅವನ ನಂತರ ಎಷ್ಟೋ ಜನ ಅದಕ್ಕಿಂತ ವೇಗವಾಗಿ ಬಾರಿಸಿದ್ದಾರೆ. ಅವರಲ್ಲಿ ಬಹಳ ಜನರಿಗೆ ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಿಲ್ಲ.

ಹಾಗಂತ ಹತ್ತೂ ಹಾಡು ಒಂದೇ ತೂಕ ಅಂತ ಹೇಳಿದರೆ ಸುಳ್ಳಾಗುತ್ತದೆ. ಮಧ್ಯದಲ್ಲಿರುವ 'ರಿಬಾರ್ನ್' ಮತ್ತು 'ಎಪಿಡೆಮಿಕ್' ಇಷ್ಟು ವರ್ಷ ಕೇಳಿದ ಮೇಲೂ ನನಗೆ ಅದಲು ಬದಲಾಗುತ್ತವೆ. ಕಿಂಗ್, ಹ್ಯಾನೆಮನ್ ಸೋಲೋಗಳ ಬಗ್ಗೆಯೂ ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಸ್ವರ, ಶ್ರುತಿ ಯಾವುದರ ಹಂಗೂ ಇಲ್ಲದೆ ತಂತಿಯನ್ನು ಹಿಂಡಿ ಹಿಂಡಿ ಕಿರುಚಿಸುತ್ತಾರೆ. ಮೊದಲೆರಡು ಸಲ ಮೈ ಜುಮ್ಮೆನ್ನುತ್ತದೆ. ಆರನೇ ಸಲಕ್ಕೆ ಹಂದಿ ಹಿಡಿಯುವವರು ಬಂದ ಬೀದಿಯ ನೆನಪಾಗುತ್ತದೆ. ಆದರೆ ಸಣ್ಣದಾಗಿರುವುದರ ಲಾಭ ಇದೇ ನೋಡಿ. ಬೇಸರ ಬರುವ ಹೊತ್ತಿಗೆ ಹಾಡೇ ಮುಗಿದಿರುತ್ತದೆ.

ಈಗ ಕಷ್ಟದ ಭಾಗ. ಇದನ್ನು ಬಿಟ್ಟು ಈ ಆಲ್ಬಮ್ ಬಗ್ಗೆ ಬರೆದರೆ ಕಳ್ಳತನವಾಗುತ್ತದೆ.

'ಏಂಜಲ್ ಆಫ್ ಡೆತ್' ಹಾಡು ಯೋಸೆಫ್ ಮೆಂಗೆಲೆ ಎಂಬ ನಾಜಿ ವೈದ್ಯನ ಬಗ್ಗೆ. ಆಶ್ವಿಟ್ಜ್ ಸಾವಿನ ಶಿಬಿರದಲ್ಲಿ ಯಾರು ಬದುಕಬೇಕು, ಯಾರು ಸಾಯಬೇಕು ಅಂತ ಬೆರಳಲ್ಲಿ ತೋರಿಸುತ್ತಿದ್ದವನು. ಅವಳಿ ಮಕ್ಕಳ ಮೇಲೆ ಪ್ರಯೋಗ ಮಾಡಿದವನು. ಯುದ್ಧ ಮುಗಿದ ಮೇಲೆ ದಕ್ಷಿಣ ಅಮೆರಿಕಕ್ಕೆ ಓಡಿಹೋಗಿ, ಸಿಕ್ಕಿಬೀಳದೆಯೇ 1979ರಲ್ಲಿ ಬ್ರೆಜಿಲ್‌ನ ಸಮುದ್ರದಲ್ಲಿ ಮುಳುಗಿ ಸತ್ತ. ಬೇರೆ ಹೆಸರಿನಲ್ಲಿ ಹೂಳಲಾಗಿತ್ತು. 1985ರ ಜೂನ್‌ನಲ್ಲಿ ಆ ಗೋರಿ ಅಗೆದು ಎಲುಬು ಹೊರತೆಗೆದಾಗಷ್ಟೇ ಜಗತ್ತಿಗೆ ಗೊತ್ತಾದದ್ದು. ಹಾಡು ಬಂದದ್ದು ಮಾರನೇ ವರ್ಷ. ಬರೆದವನು ಹ್ಯಾನೆಮನ್. ಅವನ ತಂದೆ ಎರಡನೇ ಮಹಾಯುದ್ಧದಲ್ಲಿ ಹೋರಾಡಿದವರು. ಪ್ರವಾಸದ ನಡುವೆ ಮೆಂಗೆಲೆ ಬಗ್ಗೆ ಒಂದೆರಡು ಪುಸ್ತಕ ಓದಿ ಬರೆದನಂತೆ.

ಮೆಂಗೆಲೆ ಏನೇನು ಮಾಡಿದ ಅಂತ ಹಾಡು ಒಂದೊಂದಾಗಿ ಹೇಳುತ್ತದೆ. ಅವನು ಕೆಟ್ಟವನು ಅಂತ ಎಲ್ಲೂ ಬಾಯಿಬಿಟ್ಟು ಹೇಳುವುದಿಲ್ಲ. ಡೆಫ್ ಜ್ಯಾಮ್‌ನ ಹಂಚಿಕೆ ನೋಡಿಕೊಳ್ಳುತ್ತಿದ್ದ ಕೊಲಂಬಿಯಾ ಕಂಪನಿ ಈ ಸಾಹಿತ್ಯ ಮತ್ತು ಮುಖಪುಟ ನೋಡಿ ಬೇಡವೇ ಬೇಡ ಅಂದಿತು. ಕೊನೆಗೆ ಗೆಫನ್ ಕಂಪನಿ ಹಂಚಿತು, ಅದೂ ತನ್ನ ಬಿಡುಗಡೆಯ ಪಟ್ಟಿಯಲ್ಲಿ ಹೆಸರು ಹಾಕದೆ. ಸ್ಲೇಯರ್‌ನವರು ನಾಜಿಗಳು ಎಂಬ ಆರೋಪ ವರ್ಷಗಟ್ಟಲೆ ಬೆನ್ನು ಬಿಡಲಿಲ್ಲ. ಅವರು ಅಲ್ಲ ಅಂತ ಹೇಳುತ್ತಲೇ ಬಂದರು. ಹಾಡುವವನು ಚಿಲಿಯವನು, ಡ್ರಮ್ಸ್‌ನವನು ಕ್ಯೂಬಾದವನು, ನಿರ್ಮಾಪಕ ರೂಬಿನ್ ಯಹೂದಿ. ಮೆಂಗೆಲೆ ಕೆಟ್ಟವನೆಂದು ಬೇರೆ ಹೇಳಬೇಕೇ, ಅದು ಕಾಣುವುದಿಲ್ಲವೇ ಎನ್ನುವುದು ಹ್ಯಾನೆಮನ್‌ನ ವಾದ.

ನಾನು ಬೆಳೆದದ್ದು ಯಕ್ಷಗಾನದ ಊರಿನಲ್ಲಿ. ಸೈತಾನ, ಮೇಕೆ ತಲೆ, ರಕ್ತ ಇವುಗಳಿಂದ ನನಗೆ ಯಾವತ್ತೂ ಹೆದರಿಕೆ ಆಗಲಿಲ್ಲ. ಕಟೀಲು ಮೇಳದವರ 'ದೇವಿ ಮಹಾತ್ಮೆ' ನೋಡಿದವರಿಗೆ ಗೊತ್ತು. ಮಹಿಷಾಸುರ ಬಣ್ಣ ಹಚ್ಚುವ ಚೌಕಿಯಿಂದ ಸೀದಾ ರಂಗಸ್ಥಳಕ್ಕೆ ಬರುವುದಿಲ್ಲ. ಎಲ್ಲೋ ದೂರದ ಗದ್ದೆಯಿಂದ, ಜನರ ನಡುವಿನಿಂದ, ದೊಂದಿಯ ಬೆಂಕಿಯಲ್ಲಿ, ಕೊಂಬು ಬೀಸುತ್ತ, ಆರ್ಭಟ ಕೊಡುತ್ತ ಬರುತ್ತಾನೆ. ಸಣ್ಣವನಿದ್ದಾಗ ಅಮ್ಮನ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದೇನೆ. ಆ ವೇಷ ಹಾಕಿದವರು ಅಸುರನ ಭಕ್ತರು ಅಂತ ಯಾರಾದರೂ ಹೇಳಿದರೆ ನಮ್ಮೂರಲ್ಲಿ ನಗುತ್ತಾರೆ. ಮಾರನೇ ದಿನ ಅವರೇ ಹೋಟೆಲಿನಲ್ಲಿ ಅವಲಕ್ಕಿ ತಿನ್ನುತ್ತ ಕೂತಿರುತ್ತಾರೆ. ಸ್ಲೇಯರ್‌ನ ಅರಾಯಾ ಕೂಡ ಕ್ಯಾಥೊಲಿಕ್ ನಂಬಿಕೆಯವನು. ಕೊಂಬಿನ ವೇಷ ಬೇರೆ, ಮನುಷ್ಯ ಬೇರೆ.

ಆದರೆ ದೇವಿ ಮಹಾತ್ಮೆಯಲ್ಲಿ ದೇವಿ ಬರುತ್ತಾಳೆ. ಮಹಿಷನನ್ನು ಮುಗಿಸುತ್ತಾಳೆ. ನೆಲಕ್ಕೆ ಬಿದ್ದ ರಕ್ತದ ಹನಿಯಿಂದೆಲ್ಲ ಮತ್ತೆ ಹುಟ್ಟುವ ರಕ್ತಬೀಜನನ್ನೂ ಮುಗಿಸುತ್ತಾಳೆ. ಬೆಳಕು ಹರಿಯುವ ಹೊತ್ತಿಗೆ ಲೆಕ್ಕ ಚುಕ್ತಾ. ನಾವು ನಿದ್ದೆಗಣ್ಣಿನಲ್ಲಿ ಪ್ರಸಾದ ತೆಗೆದುಕೊಂಡು ಮನೆಗೆ ಹೋಗುತ್ತೇವೆ. 'ಏಂಜಲ್ ಆಫ್ ಡೆತ್'ನಲ್ಲಿ ದೇವಿ ಬರುವುದಿಲ್ಲ. ನಿಜ ಜೀವನದಲ್ಲೂ ಮೆಂಗೆಲೆಯ ಹತ್ತಿರ ಯಾರೂ ಬರಲಿಲ್ಲ, ಅವನು ಈಜಲು ಹೋಗಿ ಸತ್ತ. ರಿವರ್ಬ್ ತೆಗೆದ ಹಾಗೆ, ಪುನರಾವರ್ತನೆ ತೆಗೆದ ಹಾಗೆ, ಈ ಹಾಡಿನಲ್ಲಿ ತೀರ್ಪನ್ನೂ ತೆಗೆದುಬಿಟ್ಟಿದ್ದಾರೆ. ಇಪ್ಪತ್ತರ ವಯಸ್ಸಿನಲ್ಲಿ ನನಗೆ ಅದು ಧೈರ್ಯ ಅನ್ನಿಸಿತ್ತು. ಮಗಳು ಹುಟ್ಟಿದ ಮೇಲೆ ಒಂದು ದಿನ ಕಾರಿನಲ್ಲಿ ಈ ಹಾಡು ಬಂತು. ಅವಳಿ ಮಕ್ಕಳ ಸಾಲು ಬರುವ ಮೊದಲೇ ನನ್ನ ಕೈ ತಾನಾಗಿ ಹೋಗಿ ಆರಿಸಿತು. ಹಾಡು ತಪ್ಪು ಅಂತಲ್ಲ. ಹೇಳದೆ ಬಿಟ್ಟದ್ದನ್ನು ಕೇಳುವವನು ತುಂಬಿಕೊಳ್ಳಬೇಕು, ಆ ಹೊತ್ತು ನನ್ನಿಂದ ಆಗಲಿಲ್ಲ. ಗಿಟಾರಿನ ಖುಷಿಗೂ ಆ ವಿಷಯಕ್ಕೂ ಹೊಂದಾಣಿಕೆ ಇಲ್ಲದಿರುವುದು ಈಗಲೂ ನನಗೆ ಚುಚ್ಚುತ್ತದೆ. ಚುಚ್ಚುವುದು ನಿಂತ ದಿನ ನನ್ನ ಬಗ್ಗೆಯೇ ನಾನು ಯೋಚನೆ ಮಾಡಬೇಕಾಗುತ್ತದೆ.

ಮುಖಪುಟವನ್ನು ನಾನು ನೋಡಿದ್ದು ಎಷ್ಟೋ ವರ್ಷಗಳ ಮೇಲೆ. ಲ್ಯಾರಿ ಕ್ಯಾರೊಲ್ ಎಂಬ ಕಲಾವಿದನ ಚಿತ್ರ. ಮೇಕೆ ತಲೆಯವನೊಬ್ಬನನ್ನು ರಕ್ತದ ನಡುವೆ ಪಲ್ಲಕ್ಕಿಯ ಹಾಗೆ ಹೊತ್ತುಕೊಂಡು ಹೋಗುತ್ತಿದ್ದಾರೆ. ಬ್ಯಾಂಡಿನವರಿಗೆ ಮೊದಲು ಅದು ಹಿಡಿಸಿರಲಿಲ್ಲವಂತೆ. ನನಗೆ ಅದನ್ನು ನೋಡಿ ಹೊಳೆದದ್ದು ಒಂದೇ: ಹೊರುವವರಿಲ್ಲದೆ ಪಲ್ಲಕ್ಕಿ ಹೋಗುವುದಿಲ್ಲ.

ಕೊನೆಯ ಎರಡು ಹಾಡುಗಳಿಗೆ ಬರುತ್ತೇನೆ. 'ಪೋಸ್ಟ್‌ಮಾರ್ಟಮ್' ಮುಗಿದೂ ಮುಗಿಯದ ಹಾಗೆ ಗುಡುಗು ಕೇಳುತ್ತದೆ. ಮಳೆ ಶುರು. ಮೂರು ಪೆಟ್ಟು. ಧಂ ಧಂ ಧಂ. ಮತ್ತೆ ಗುಡುಗು, ಮತ್ತೆ ಮೂರು ಪೆಟ್ಟು. ಅದರ ಮೇಲೆ ಗಿಟಾರ್ ನರಳಿಕೆ. ಇಷ್ಟು ಅವಸರದ ಆಲ್ಬಮ್ ಇಲ್ಲಿ ಬಂದು ಕಾಯುತ್ತದೆ. ಆಷಾಢದಲ್ಲಿ ನಮ್ಮ ಕಡೆ ಗುಡ್ಡದ ಆಚೆ ಮಳೆ ಬರುವ ಸದ್ದು ಮೊದಲು ಕೇಳುತ್ತದೆ. ಅಂಗಳದಲ್ಲಿ ಇನ್ನೂ ಒಂದು ಹನಿ ಬಿದ್ದಿರುವುದಿಲ್ಲ. ಅಮ್ಮ ಒಣಗಿಸಿದ ಅಡಿಕೆ ಬಾಚಲು ಓಡುತ್ತಾಳೆ. ಆ ನಡುವಿನ ಹೊತ್ತು ಅದು. ಆಮೇಲೆ ರಿಫ್ ಬೀಳುತ್ತದೆ. ಮೆಟಲ್ ಕೇಳುವವರಲ್ಲಿ ಇದನ್ನು ಬಾಯಲ್ಲಿ ಗುನುಗಲು ಬಾರದವರು ಸಿಗುವುದು ಕಷ್ಟ. 2001ರಲ್ಲಿ ಟೋರಿ ಏಮೋಸ್ ಎಂಬ ಗಾಯಕಿ ಇದೇ 'ರೇನಿಂಗ್ ಬ್ಲಡ್' ಹಾಡನ್ನು ಪಿಯಾನೋ ಮುಂದೆ ಕೂತು, ಆಮೆಯ ವೇಗದಲ್ಲಿ, ಪಿಸುಗುಡುವ ದನಿಯಲ್ಲಿ ಹಾಡಿದಳು. ವೇಗ ಪೂರ್ತಿ ತೆಗೆದರೂ ಹಾಡು ಉಳಿಯುತ್ತದೆ. ಕತ್ತಲಲ್ಲಿ ಕೇಳಿದರೆ ಮೂಲಕ್ಕಿಂತ ಭಯವಾಗುತ್ತದೆ, ಬೇಕಾದರೆ ನೋಡಿ.

2012ರ ಅಕ್ಟೋಬರಿನಲ್ಲಿ ಸ್ಲೇಯರ್ ಬೆಂಗಳೂರಿಗೆ ಬಂದರು. ಅದರ ಹಿಂದಿನ ವರ್ಷ ಅರಮನೆ ಮೈದಾನದಲ್ಲಿ ಮೆಟಾಲಿಕಾ ನುಡಿಸಿ ಹೋಗಿದ್ದರು. ಎರಡಕ್ಕೂ ಹೋಗಿದ್ದೆ. ಸ್ಲೇಯರ್ ಜೊತೆ ಹ್ಯಾನೆಮನ್ ಇರಲಿಲ್ಲ. 2011ರ ಆರಂಭದಲ್ಲಿ ಅವನ ತೋಳಿಗೆ ಮಾಂಸ ತಿನ್ನುವಂಥ ಸೋಂಕು ತಗುಲಿತ್ತು. ಅವನ ಜಾಗದಲ್ಲಿ ಎಕ್ಸೋಡಸ್ ಬ್ಯಾಂಡಿನ ಗ್ಯಾರಿ ಹೋಲ್ಟ್ ನುಡಿಸಿದ. ಚೆನ್ನಾಗಿಯೇ ನುಡಿಸಿದ. ನನ್ನ ಕಣ್ಣು ಮಾತ್ರ ಇಲ್ಲದವನನ್ನೇ ಹುಡುಕುತ್ತಿತ್ತು. ಮೆಂಗೆಲೆಯ ಹಾಡು, ಮಳೆಯ ಹಾಡಿನ ಆ ಮೂರು ಪೆಟ್ಟು, ಗೇರ್ ಇಳಿಸುವ ಆ ರಿಫ್, ಎಲ್ಲ ಅವನ ಕೈಯಿಂದ ಹುಟ್ಟಿದ್ದೇ. ಏಳು ತಿಂಗಳಲ್ಲಿ, 2013ರ ಮೇ 2ಕ್ಕೆ, ಅವನು ತೀರಿಕೊಂಡ. 49 ವರ್ಷ. ಯಕೃತ್ತು ಸೋತಿತ್ತು, ಕುಡಿತ ಕಾರಣ.

ಅವತ್ತು ರಾತ್ರಿ ಅಕ್ಕನಿಗೆ ಫೋನ್ ಮಾಡಿದ್ದೆ. ಬೇರೆ ಏನೋ ಮಾತಿಗೆ. ಕೊನೆಯಲ್ಲಿ, ಆ ಕ್ಯಾಸೆಟ್ಟಿನಲ್ಲಿದ್ದ ಬ್ಯಾಂಡಿನ ಒಬ್ಬ ಹೋಗಿಬಿಟ್ಟ ಅಂದೆ. ಯಾವ ಕ್ಯಾಸೆಟ್ಟು ಅಂತ ಅವಳು ಕೇಳಲಿಲ್ಲ. "ಅದರಲ್ಲಿ ಒಂದು ಹಾಡು ಇತ್ತು ಗೊತ್ತುಂಟಾ," ಅಂದಳು. "ಆಮೇಲೆ ರೇಡಿಯೋದಲ್ಲಿ ಮತ್ತೆ ಬರಲೇ ಇಲ್ಲ. ಹಾಡಿದ್ದು ಯಾರೂಂತಲೂ ಬರೆದಿಟ್ಟಿರಲಿಲ್ಲ." ಬೈಯಲಿಲ್ಲ. ನಾನು ಏನಾದರೂ ಹೇಳುವ ಮೊದಲೇ ಅಡಿಕೆ ರೇಟಿನ ಬಗ್ಗೆ ಮಾತು ತೆಗೆದಳು.

ಕ್ಯಾಸೆಟ್ ಈಗ ಓಡುವುದಿಲ್ಲ. ರೀಲಿಗೆ ಬೂಸ್ಟು ಹಿಡಿದಿದೆ. ಆಲ್ಬಮ್ ಫೋನಿನಲ್ಲಿದೆ, ಅದೂ 1998ರಲ್ಲಿ ಮತ್ತೆ ಹೊರಬಂದಾಗ ಎರಡು ಹಾಡು ಹೆಚ್ಚಿಗೆ ಸೇರಿಸಿದ್ದಾರಲ್ಲ, ಆ ಪ್ರತಿ. ಯಾರ ಬುದ್ಧಿಯೋ ಏನೋ. ಮಳೆ ನಿಲ್ಲುತ್ತಿದ್ದ ಹಾಗೆ ಇನ್ನೊಂದು ಹಾಡು ಬಡಿಯಲು ಶುರು ಮಾಡುತ್ತದೆ. ನಾನು ಪ್ರತಿ ಸಲ ಅದಕ್ಕೂ ಮೊದಲೇ ಆರಿಸುತ್ತೇನೆ. ಆರಿಸಿ ಒಂದು ನಿಮಿಷ ಸುಮ್ನೆ ಕೂರುತ್ತೇನೆ. ಆ ಹೆಣ್ಣು ದನಿ ಬರುತ್ತದೆ. ಅಳಿಸದೆ ಉಳಿದ ಆ ಕೊನೆಯ ಸಾಲಿನ ರಾಗವೂ ಬರುತ್ತದೆ, ಪದಗಳು ಮಾತ್ರ ನೆನಪಾಗುವುದಿಲ್ಲ.